ಪಡಸಾಲೆಯ ರೈಲುದಾರಿ

ನಮ್ಮ ಮನೆಯ ಹಿಂದಣ ಪಡಸಾಲೆಯಲ್ಲಿ ಒಂದು ರೈಲುದಾರಿಯಿದೆ. ಅದಕ್ಕೆ ಒಂದು ನಿಲ್ದಾಣ, ಎರಡು ಪಾಯಿಂಟುಗಳು, ಒಂದು ಸುರಂಗ, ಒಂದು ಚಿಕ್ಕ ಸೇತುವೆ ಉಂಟು. ಸೇತುವೆಯ ಕೆಳಗೆ ನೀರಿಲ್ಲ, ನಿಲ್ದಾಣದಲ್ಲಿ ಪ್ರಯಾಣಿಕರಿಲ್ಲ, ಟಿಕೆಟ್ಟಿನ ಗೊಡವೆಯಂತೂ ಇಲ್ಲವೇ ಇಲ್ಲ. ಮನೆಗೆ ಬಂದ ನೆಂಟರು ಅದನ್ನು ಕಂಡೊಡನೆ, “ಮಕ್ಕಳಿಗೋ?” ಎಂದು ಕೇಳುತ್ತಾರೆ. “ಅಲ್ಲ, ನನಗೇ” ಎಂದರೆ ಅವರ ಮುಖದಲ್ಲಿ ಒಂದು ಬಗೆಯ ಮರುಕ ಮೂಡುತ್ತದೆ. ಐವತ್ತು ದಾಟಿದ ಗೃಹಸ್ಥನೊಬ್ಬನು ಆಟದ ರೈಲಿನ ಮುಂದೆ ಮಂಡಿಯೂರಿ ಕುಳಿತಿರುವ ದೃಶ್ಯ ನಮ್ಮ ಜನಕ್ಕೆ ಇನ್ನೂ ಒಗ್ಗಿಲ್ಲ. ವೀಣೆ ಕಲಿತರೆ ಒಪ್ಪುತ್ತಾರೆ. ಗುಲಾಬಿ ಬೆಳೆಸಿದರೆ ಹೊಗಳುತ್ತಾರೆ. ಹಳೆಯ ನಾಣ್ಯಗಳನ್ನು ಕೂಡಿಹಾಕಿದರೆ ವಿದ್ವಾಂಸನೆನ್ನುತ್ತಾರೆ. ರೈಲು ಕಟ್ಟಿದರೆ ಮಾತ್ರ ನಗುತ್ತಾರೆ.

ಈ ನಗೆಗೆ ಪಾತ್ರರಾದವರ ಪರಂಪರೆಯೇನೂ ಚಿಕ್ಕದಲ್ಲ. ಜರ್ಮನಿಯ ಮ್ಯಾರ್ಕ್ಲಿನ್ ಸಂಸ್ಥೆಯವರು 1891ರಲ್ಲಿ ಲೈಪ್‌ಜಿಗ್ ನಗರದ ಜಾತ್ರೆಯಲ್ಲಿ ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ಹಳಿ ಹಾಸಿ ಆಟದ ರೈಲನ್ನು ಓಡಿಸಿ ತೋರಿಸಿದರು. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿಕೊಡುವ ರೈಲುಗಳನ್ನು ಮಾರುಕಟ್ಟೆಗೆ ತಂದನು. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು 1946ರಲ್ಲಿ ಒಂದು ಮಾದರಿ ರೈಲ್ವೆ ಸಂಘವನ್ನೇ ಕಟ್ಟಿಕೊಂಡರು. ಅವರಲ್ಲಿ ಕೆಲವರಿಗೆ ಮೇಜಿನ ಮೇಲೆ ಓಡುವ ಗಾಡಿಗಿಂತ ಮೇಜಿನ ಕೆಳಗಣ ತಂತಿಗಳ ಜಾಲವೇ ಪ್ರಿಯವಾಗಿತ್ತು. ಟೆಲಿಫೋನಿನ ಹಳೆಯ ಬಿಡಿಭಾಗಗಳಿಂದ ಆ ಜಾಲವನ್ನು ಹೆಣೆದ ಹುಡುಗರೇ ಮುಂದೆ ಅಲ್ಲಿಗೆ ಬಂದ ಕಂಪ್ಯೂಟರುಗಳಿಗೂ ಕೈಹಾಕಿದರು. ನೆಂಟರಿಗೆ ಇದನ್ನೆಲ್ಲ ನಾನು ಹೇಳುವುದಿಲ್ಲ. ಹೇಳಿದರೆ ಮರುಕ ಇನ್ನಷ್ಟು ಹೆಚ್ಚುತ್ತದೆ.

ನನ್ನ ರೈಲುದಾರಿಯ ಅಳತೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. 21.3 ಮೀಟರು ಉದ್ದದ ಗಾಡಿಯ ಡಬ್ಬಿ ನನ್ನಲ್ಲಿಗೆ ಬಂದಾಗ 24.5 ಸೆಂಟಿಮೀಟರಾಗುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ರೈಲಿನ ದಾರಿ ಸುಮಾರು 139 ಕಿಲೋಮೀಟರು. ಇದೇ ಪ್ರಮಾಣದಲ್ಲಿ ಕುಗ್ಗಿಸಿದರೂ ಅದು 1.6 ಕಿಲೋಮೀಟರಾಗಿ ನಮ್ಮ ಬಡಾವಣೆಯನ್ನೇ ದಾಟಿ ಹೋದೀತು. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿ ಇಲ್ಲಿ ಸೆಕೆಂಡಿಗೆ 19 ಸೆಂಟಿಮೀಟರಿನಂತೆ ಸಾಗಬೇಕು. ಲೆಕ್ಕದ ಮಟ್ಟಿಗೆ ಇದೆಲ್ಲ ಸೊಗಸು. ತೊಡಕಿರುವುದು ಬೇರೆ ಕಡೆ. ಗಾಡಿಯನ್ನೂ ಹಳಿಯನ್ನೂ ನಾವು ಕುಗ್ಗಿಸಬಹುದು; ಧೂಳನ್ನು ಕುಗ್ಗಿಸಲಾರೆವು, ತೇವವನ್ನು ಕುಗ್ಗಿಸಲಾರೆವು. ಹಳಿಯ ಮೇಲೆ ಬಿದ್ದ ಒಂದು ತಲೆಗೂದಲು ನನ್ನ ಎಂಜಿನಿಗೆ ಬೆರಳುಗಾತ್ರದ ಹಗ್ಗವಿದ್ದಂತೆ. ಎರಡು ಹಳಿಗಳು ಸೇರುವಲ್ಲಿ ಅರ್ಧ ಮಿಲಿಮೀಟರು ಏರುಪೇರಾದರೆ ಅದು ನಿಜವಾದ ದಾರಿಯಲ್ಲಿ ನಾಲ್ಕು ಸೆಂಟಿಮೀಟರಿಗೂ ಮಿಕ್ಕ ಮೆಟ್ಟಿಲು. ಯಾವ ಚಾಲಕನು ತಾನೆ ಅದರ ಮೇಲೆ ಗಾಡಿ ನಡೆಸಿಯಾನು?

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಲಗೆಯೇ ನನ್ನ ಭೂಮಂಡಲ. ಅದರ ಮೇಲೆ ಇಪ್ಪತ್ತನಾಲ್ಕು ತುಂಡು ಹಳಿಗಳನ್ನು ಒಂದಕ್ಕೊಂದು ಜೋಡಿಸಿದ ದೀರ್ಘವೃತ್ತ. ಸುತ್ತಳತೆ ಸುಮಾರು ಐದೂವರೆ ಮೀಟರು. ಒಂದು ದಾರಿಯ ಮೇಲೆ ಇನ್ನೊಂದು ದಾರಿ ಹಾದುಹೋಗುವಂತೆ ಕಟ್ಟಬೇಕೆಂಬುದು ಈ ಹವ್ಯಾಸದವರೆಲ್ಲರ ಮೊದಲ ಕನಸು. ಹಾಗೆ ಹಾದುಹೋಗಲು ಎಂಟು ಸೆಂಟಿಮೀಟರು ಎತ್ತರ ಬೇಕು. ಐವತ್ತಕ್ಕೆ ಒಂದರ ಏರಿನಲ್ಲಿ ಅಷ್ಟು ಹತ್ತಲು ನಾಲ್ಕು ಮೀಟರು, ಇಳಿಯಲು ಮತ್ತೆ ನಾಲ್ಕು ಮೀಟರು. ಐದೂವರೆ ಮೀಟರಿನಲ್ಲಿ ಎಂಟು ಮೀಟರನ್ನು ಅಡಗಿಸುವ ವಿದ್ಯೆ ಗಣಿತದಲ್ಲಿಲ್ಲ. ಆದುದರಿಂದ ಕನಸನ್ನು ಕೈಬಿಟ್ಟು, ನಿಲ್ದಾಣದ ಎದುರು ಬದಿಯಲ್ಲಿ ನಾಲ್ಕು ಸೆಂಟಿಮೀಟರು ಎತ್ತರದ ಒಂದು ಪುಟ್ಟ ಘಾಟಿಯನ್ನು ಎಬ್ಬಿಸಿ ತೃಪ್ತನಾದೆ. ಐವತ್ತಕ್ಕೆ ಒಂದು ಎಂಬ ಏರನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದ ರೈಲುದಾರಿಯ ಏರೂ ಅದೇ. ಸುಮಾರು 55 ಕಿಲೋಮೀಟರಿನ ಆ ದಾರಿಯಲ್ಲಿ 57 ಸುರಂಗಗಳಿವೆ. ನಾನು ಒಂದನ್ನು ಮಾತ್ರ ಕಟ್ಟಿದ್ದೇನೆ, ಅದೂ ರಟ್ಟಿನಲ್ಲಿ.

ಆ ಘಟ್ಟದ ಮೇಲೆ ನನಗಿರುವ ಅಕ್ಕರೆಗೆ ನಮ್ಮ ಮಾವನವರೇ ಮೂಲ. ಹಾಸನ–ಮಂಗಳೂರು ರೈಲುದಾರಿ ಮೀಟರ್‌ಗೇಜಿನದಾಗಿ 1979ರಲ್ಲಿ ಪೂರ್ಣಗೊಂಡಿತು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ತೆರೆದದ್ದೂ ಅದೇ ವರ್ಷ. ನಮ್ಮ ಮಾವನವರು ಇಲಾಖೆಯ ಕೆಲಸಕ್ಕೆ ಸೇರಿದ್ದೂ ಅದೇ ವರ್ಷವೇ. ಮೊದಲು ಗ್ಯಾಂಗ್‌ಮನ್, ಆಮೇಲೆ ಕೀಮ್ಯಾನ್. ದಾರಿಯನ್ನು ಅಗಲಹಳಿಗೆ ಮಾರ್ಪಡಿಸುವ ಕಾಲದಲ್ಲಿ ಕೆಲವು ವರ್ಷ ಬೇರೆಡೆಯಲ್ಲಿದ್ದು, 2006ರಲ್ಲಿ ಸರಕು ಗಾಡಿಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳೂ ಮತ್ತೆ ಓಡತೊಡಗಿದಾಗ ಪುನಃ ಘಟ್ಟಕ್ಕೇ ಬಂದರು. ಕೀಮ್ಯಾನನ ಕೆಲಸವೆಂದರೆ ನಡೆಯುವುದು. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರು, ಕೆಂಪು ಹಸುರು ಬಾವುಟಗಳು. ತನಗೆ ಒಪ್ಪಿಸಿದ ಐದಾರು ಕಿಲೋಮೀಟರು ದಾರಿಯನ್ನು ಬೆಳಗ್ಗೆ ಒಂದು ಹಳಿಯ ಮೇಲೆ ಕಣ್ಣಿಟ್ಟು ಹೋಗಬೇಕು, ಇನ್ನೊಂದರ ಮೇಲೆ ಕಣ್ಣಿಟ್ಟು ಮರಳಬೇಕು. ಸಡಿಲವಾದ ಕೀಲಿಯನ್ನು ಬಡಿಯಬೇಕು, ಬೋಲ್ಟನ್ನು ಬಿಗಿಯಬೇಕು. ಮಳೆಯಿರಲಿ, ಜಿಗಣೆಯಿರಲಿ, ಆನೆಯ ಲದ್ದಿ ಹಳಿಯ ನಡುವೆಯೇ ಹಬೆಯಾಡುತ್ತಿರಲಿ, ನಡಿಗೆ ತಪ್ಪುವಂತಿಲ್ಲ.

ಇಂಥವರು ನಿವೃತ್ತರಾದ ಕೆಲವು ವರ್ಷಗಳಲ್ಲಿಯೇ ಕಣ್ಣಿನ ನರಗಳು ಬತ್ತುವ ಕಾಯಿಲೆಗೆ ಸಿಕ್ಕಿದರು. ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ಉಳಿಯಿತು. ಅತ್ತೆಯವರು ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿಸಿ ಅವರನ್ನು ಮೈಸೂರಿಗೆ ಕರೆತಂದೆವು. ಬಂದರು, ಪಡಸಾಲೆಯ ಮೂಲೆಯ ಕುರ್ಚಿಯಲ್ಲಿ ಗೋಡೆಗೆ ಮುಖಮಾಡಿ ಕುಳಿತರು, ಕುಳಿತೇ ಇದ್ದರು. ಕರೆದರೆ ಊಟಕ್ಕೆ ಏಳುವರು. ಕೇಳಿದರೆ ಉತ್ತರ ಕೊಡುವರು. ಅದೂ “ಆಗಲಿ”, “ಬೇಡ” ಎಂಬಷ್ಟೇ. ಒಂದು ದಿನ ಮಗಳು ಅವರ ಕೈಹಿಡಿದು ತಂದು ಹಲಗೆಯ ಮುಂದೆ ನಿಲ್ಲಿಸಿದಳು. ಅವರು ಹಳಿಯ ಮೇಲೆ ಹೆಬ್ಬೆರಳನ್ನೂ ತೋರುಬೆರಳನ್ನೂ ಇಟ್ಟು ಅಗಲ ನೋಡಿದರು. ಆಮೇಲೆ ಡಬ್ಬಿಯೊಂದನ್ನು ಅಂಗೈಯಲ್ಲಿ ತೂಗಿ ಅದರ ಅಗಲ ನೋಡಿದರು. “ಗಾಡಿಗೆ ಹಳಿ ಕಿರಿದಾಯಿತು” ಎಂದರು. ನನಗೆ ಅಚ್ಚರಿಯಾಯಿತು. ಅಂಗಡಿಯಲ್ಲಿ ಸಿಕ್ಕುವ ಈ ಹಳಿಗಳ ಅಗಲ 16.5 ಮಿಲಿಮೀಟರು. ಯೂರೋಪಿನ 1,435 ಮಿಲಿಮೀಟರಿನ ಹಳಿಯನ್ನು 87ರಿಂದ ಭಾಗಿಸಿದರೆ ಬರುವ ಅಳತೆ ಅದು. ನಮ್ಮ ಅಗಲಹಳಿ 1,676 ಮಿಲಿಮೀಟರು. ಅದಕ್ಕೆ ಸರಿಯಾಗಿ 19 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಇರಬೇಕಾಗಿತ್ತು. ಮೂರು ಮಿಲಿಮೀಟರಿಗಿಂತಲೂ ಕಡಿಮೆಯಾದ ಆ ವ್ಯತ್ಯಾಸವನ್ನು, ಹಲವು ಕಣ್ಣುಳ್ಳವರು ಕಾಣದೆ ಹೋದದ್ದನ್ನು, ಆ ಎರಡು ಬೆರಳುಗಳು ಕ್ಷಣಮಾತ್ರದಲ್ಲಿ ಕಂಡಿದ್ದವು. ಆದರೆ ಮಾತು ಅಲ್ಲಿಗೇ ನಿಂತಿತು. “ಗೊಂಬೆ ರೈಲು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅವರು ಕುರ್ಚಿಗೆ ಹಿಂದಿರುಗಿದರು.

ಆ ವರ್ಷದ ಬೇಸಿಗೆ ಕಡುಬಿಸಿಲಿನದು. ಅದರ ಬೆನ್ನಿಗೇ ಮಳೆ ಹಿಡಿಯಿತು. ಮೈಸೂರಿನ ಮಳೆ ಮಲೆನಾಡಿನ ಮಳೆಯಂತಲ್ಲ. ಆದರೂ ಪ್ಲೈವುಡ್ಡಿಗೆ ಅಷ್ಟೇ ಸಾಕು. ಮರವು ತೇವದಲ್ಲಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರ ಮೇಲೆ ಕುಳಿತ ಲೋಹದ ಹಳಿ ಬೇರೊಂದು ಲೆಕ್ಕದಲ್ಲಿ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ. ಈ ಎರಡರ ಎಳೆದಾಟಕ್ಕೆ ಸಿಕ್ಕುವುದು ಹಳಿಯಿಂದ ಹಳಿಗೆ ಕೊಂಡಿಯಾದ ಫಿಷ್‌ಪ್ಲೇಟು, ಅಂದರೆ ಬೆರಳುಗುರಿನಷ್ಟೂ ಇಲ್ಲದ ಒಂದು ಲೋಹದ ತಗಡು. ಆಷಾಢದ ಒಂದು ಸಂಜೆ ನಮ್ಮ ಗಾಡಿ ನಿಲ್ದಾಣದಿಂದ ಚೆನ್ನಾಗಿಯೇ ಹೊರಟು, ಘಾಟಿಯ ಬುಡದಲ್ಲಿ ಏದುಸಿರುಬಿಟ್ಟಂತೆ ನಿಧಾನವಾಗಿ, ನೆತ್ತಿಯ ಬಳಿ ನಿಂತೇಬಿಟ್ಟಿತು. ಬೆರಳಿನಿಂದ ಮುಂದೆ ತಳ್ಳಿದರೆ ತೆವಳುತ್ತ ಸಾಗಿ, ಇಳಿಜಾರು ಮುಗಿಯುವಲ್ಲಿ ತಟ್ಟನೆ ಚೇತರಿಸಿಕೊಂಡು ಓಡುವುದು.

ಗಾಡಿ ನಿಂತ ಕಡೆಯಲ್ಲಿಯೇ ದೋಷವಿರುತ್ತದೆಂದು ಹೇಳುವಂತಿಲ್ಲ. ಏರು ಕಾರಣವಿರಬಹುದು, ಎಂಜಿನು ಕಾರಣವಿರಬಹುದು, ಚಕ್ರದ ಮಸಿ ಕಾರಣವಿರಬಹುದು, ವಿದ್ಯುತ್ತು ಕಾರಣವಿರಬಹುದು. ಇವನ್ನೆಲ್ಲ ಒಟ್ಟಿಗೆ ಸರಿಪಡಿಸಹೊರಟರೆ ಗಾಡಿ ಓಡೀತು. ಆದರೆ ಯಾವುದರಿಂದ ಓಡಿತೆಂಬುದು ತಿಳಿಯದೆ ಹೋದೀತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು ಮೊದಲು ಎಂಜಿನನ್ನು ಬದಲಿಸಿದಳು. ಎರಡನೆಯದೂ ಅಲ್ಲಿಯೇ ಬಳಲಿತು. ಚಕ್ರಗಳನ್ನೂ ಹಳಿಯ ನೆತ್ತಿಯನ್ನೂ ಒರೆಸಿದೆವು. ಬಟ್ಟೆ ಕಪ್ಪಾಯಿತು, ಗಾಡಿ ಮಾತ್ರ ಬದಲಾಗಲಿಲ್ಲ. ಆಮೇಲೆ ಗಾಡಿಯನ್ನು ಹಿಮ್ಮುಖವಾಗಿ ಓಡಿಸಿದೆವು. ಏರು ಕಾರಣವಾಗಿದ್ದರೆ ಇಳಿಯುವಾಗ ಅದು ಹುರುಪಿನಿಂದ ಇಳಿಯಬೇಕಷ್ಟೆ? ಹಾಗಾಗಲಿಲ್ಲ. ಘಾಟಿಯ ಎರಡು ಮಗ್ಗುಲಲ್ಲಿಯೂ, ಹತ್ತುವಾಗಲೂ ಇಳಿಯುವಾಗಲೂ ಅದೇ ಬಳಲಿಕೆ. ನಾವು ನಿಲ್ದಾಣದಿಂದ ಮೊದಲ್ಗೊಂಡು ಜೋಡುಗಳಿಗೆ ಅಂಕಿಗಳನ್ನು ಕೊಟ್ಟಿದ್ದೆವು. ಏಳನೆಯ ಜೋಡಿಗೂ ಹತ್ತೊಂಬತ್ತನೆಯ ಜೋಡಿಗೂ ನಡುವಣ ಪ್ರದೇಶವೇ ರೋಗಗ್ರಸ್ತವಾಗಿದ್ದಿತು.

ಇಂಥ ರೈಲಿನಲ್ಲಿ ಎರಡು ಹಳಿಗಳೇ ಎರಡು ತಂತಿಗಳು. ನಿಲ್ದಾಣದ ಬಳಿ ಅವಕ್ಕೆ ಹನ್ನೆರಡು ವೋಲ್ಟಿನವರೆಗೆ ವಿದ್ಯುತ್ತನ್ನು ಉಣಿಸುತ್ತೇವೆ. ಎಂಜಿನು ತನ್ನ ಚಕ್ರಗಳಿಂದ ಅದನ್ನು ಹೀರಿಕೊಂಡು ಓಡುತ್ತದೆ. ಮಗಳು ವೋಲ್ಟ್‌ಮಾಪಕವನ್ನು ತಂದು ನಿಲ್ದಾಣದಲ್ಲಿ ಹಿಡಿದಳು: ಹತ್ತು ವೋಲ್ಟು. ಘಾಟಿಯ ನೆತ್ತಿಯಲ್ಲಿ ಹಿಡಿದಳು: ಅಲ್ಲಿಯೂ ಹತ್ತು ವೋಲ್ಟು. ಎಲ್ಲವೂ ಸರಿಯಾಗಿಯೇ ಇದೆಯೆಂದು ಮಾಪಕ ಸಾಕ್ಷಿ ನುಡಿಯಿತು. ಆದರೆ ಆ ಸಾಕ್ಷ್ಯ ನಡೆದದ್ದು ಎಂಜಿನನ್ನು ಹಳಿಯಿಂದ ಎತ್ತಿ ಪಕ್ಕಕ್ಕಿಟ್ಟಾಗ. ಎಂಜಿನನ್ನು ಹಳಿಯ ಮೇಲಿಟ್ಟು ಓಡಿಸುತ್ತ ಅಳೆದಾಗ ನೆತ್ತಿಯಲ್ಲಿ ಆರು ವೋಲ್ಟು ಮಾತ್ರ ಉಳಿದಿತ್ತು. ನಲ್ಲಿ ಮುಚ್ಚಿರುವಾಗ ಕೊಳವೆಯ ಉದ್ದಕ್ಕೂ ಒತ್ತಡ ಒಂದೇ ಆಗಿರುತ್ತದೆ. ನಲ್ಲಿ ತಿರುಗಿಸಿ ನೀರು ಹರಿಯತೊಡಗಿದಾಗಲೇ ಕಸ ಕಟ್ಟಿದ ಕಡೆ ಯಾವುದೆಂದು ತಿಳಿಯುವುದು. ವಿದ್ಯುತ್ತಿನ ನಡತೆಯೂ ಅಂಥದೇ. ಪ್ರವಾಹವಿಲ್ಲದೆ ರೋಧವು ತನ್ನನ್ನು ತೋರಿಸಿಕೊಳ್ಳದು. ಗಾಡಿಯನ್ನು ನಡೆಸುತ್ತಲೇ ಒಂದೊಂದು ತುಂಡನ್ನೂ ಅಳೆಯುತ್ತ ಹೋದೆವು. ಏಳನೆಯ ಜೋಡಿನ ಈಚೆಗೆ ಒಂಬತ್ತೂವರೆ, ಆಚೆಗೆ ಆರು. ಹೊರ ಹಳಿಯ ಫಿಷ್‌ಪ್ಲೇಟು ಬಾಯಿ ಸಡಿಲಿಸಿ ನಾಮಮಾತ್ರಕ್ಕೆ ಅಂಟಿಕೊಂಡಿತ್ತು. ಇಕ್ಕಳದಿಂದ ಒತ್ತಿ ಬಿಗಿ ಮಾಡಿದೊಡನೆ ಗಾಡಿ ಘಾಟಿಯನ್ನು ನಗುನಗುತ್ತ ಹತ್ತಿತು. ಮಗಳು ಕೈತಟ್ಟಿದಳು. ನಾನು ಇಕ್ಕಳವನ್ನು ಪೆಟ್ಟಿಗೆಯಲ್ಲಿಟ್ಟೆ.

“ಅಳಿಯಂದಿರೇ” ಎಂದು ಮೂಲೆಯಿಂದ ಧ್ವನಿ ಬಂದಿತು. ಕುರ್ಚಿ ನಮ್ಮ ಕಡೆಗೆ ತಿರುಗಿತ್ತು. ಎಷ್ಟು ಹೊತ್ತಿನಿಂದ ತಿರುಗಿತ್ತೋ, ಅಳತೆಯ ಗಡಿಬಿಡಿಯಲ್ಲಿ ನಾವು ಗಮನಿಸಿರಲಿಲ್ಲ.

“ದಾರಿ ದುಂಡಗಿದೆಯಲ್ಲವೆ?”

“ಹೌದು ಮಾವ.”

“ಕರೆಂಟು ಎರಡು ಕಡೆಯಿಂದಲೂ ಸುತ್ತಿಕೊಂಡು ಬರುತ್ತದೆಂದು ಮಗು ಈಗ ತಾನೆ ಹೇಳಿದಳು. ಏಳರ ಕಡೆಯಿಂದ ಬಾರದಿದ್ದರೆ ಬಾರದೆ ಹೋಗಲಿ, ಆ ಇನ್ನೊಂದು ಕಡೆಯಿಂದ ಬರಬೇಕಾಗಿತ್ತು. ಏಕೆ ಬರಲಿಲ್ಲ?”

ನಾವು ಮುಖ ಮುಖ ನೋಡಿಕೊಂಡೆವು. ಅವರು ಎದ್ದು, ಗೋಡೆಯನ್ನು ಹಿಡಿದು, ಹಲಗೆಯ ಬಳಿಗೆ ಬಂದರು.

“ಹಳಿಯ ಮೇಲೆ ಒಂದು ಕೀಲಿ ಸಡಿಲವಾದರೆ ಗಾಡಿಗೆ ಗೊತ್ತೇ ಆಗುವುದಿಲ್ಲ. ಅಕ್ಕಪಕ್ಕದ ಕೀಲಿಗಳು ಆ ಭಾರವನ್ನೂ ಹೊತ್ತುಕೊಳ್ಳುತ್ತವೆ. ಗಾಡಿ ಹೋಗುತ್ತದೆ, ಬರುತ್ತದೆ, ಎಲ್ಲರೂ ದಾರಿ ಚೆನ್ನಾಗಿದೆ ಎನ್ನುತ್ತಾರೆ. ಆ ಪಕ್ಕದ್ದೂ ಸಡಿಲವಾದ ದಿನ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಗಾಡಿ ಹೇಳುವುದಿಲ್ಲವೆಂದೇ ನಮ್ಮನ್ನು ನಡೆಯುವುದಕ್ಕೆ ಇಟ್ಟದ್ದು.”

ನಮ್ಮ ಮನೆಗೆ ಬಂದ ಮೇಲೆ ಅವರು ಒಂದೇ ಉಸಿರಿಗೆ ಇಷ್ಟು ಮಾತನಾಡಿದ್ದು ಅದೇ ಮೊದಲು. ದೋಣಿಗಲ್ಲಿನಿಂದ ಎಡಕುಮೇರಿಯ ಕಡೆಗೆ ಸಾಗುವ ಆ ಮಳೆಗಾಡಿನಲ್ಲಿ ಸುತ್ತಿಗೆಯ ಪೆಟ್ಟಿಗೆ ಬಿಗಿಯಾದ ಕೀಲಿ ಕಂಚಿನಂತೆ ನುಡಿಯುವುದಂತೆ, ಸಡಿಲವಾದದ್ದು ಒಡಕು ಮಡಕೆಯಂತೆ. ಇಲ್ಲಿ ಸುತ್ತಿಗೆಗೆ ಎಡೆಯಿರಲಿಲ್ಲ. ಅವರು ನಿಲ್ದಾಣದಿಂದ ಹಿಮ್ಮುಖವಾಗಿ, ಇಪ್ಪತ್ತನಾಲ್ಕನೆಯ ಜೋಡಿನಿಂದ ಆರಂಭಿಸಿ, ಹೊರ ಹಳಿಯ ಮಗ್ಗುಲಲ್ಲಿ ಉಗುರನ್ನು ಸವರುತ್ತ ಬಂದರು. ನಾನು ದೀಪವನ್ನು ಹತ್ತಿರಕ್ಕೆ ತರಹೋಗಿ, ಅದರಿಂದ ಪ್ರಯೋಜನವಿಲ್ಲವೆಂದು ನೆನಪಾಗಿ ಸುಮ್ಮನಾದೆ. ಉಗುರು ಇಪ್ಪತ್ತಮೂರು, ಇಪ್ಪತ್ತೆರಡು ಎಂದು ಸರಿದು, ಹತ್ತೊಂಬತ್ತರಲ್ಲಿ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂದು ನಿಂತಿತು. “ಇಲ್ಲಿ ತಗಡು ಒಂದೇ ಕಡೆಗೆ ಸರಿದಿದೆ. ಹಳಿಗೆ ಹಳಿ ಮುಟ್ಟುತ್ತಿಲ್ಲ.”

ಬೂದುಗಾಜಿನಲ್ಲಿ ನೋಡಿದರೆ ನಿಜ. ಫಿಷ್‌ಪ್ಲೇಟು ಪೂರ್ತಿಯಾಗಿ ಒಂದು ತುಂಡಿನ ಮೇಲಕ್ಕೇ ಜಾರಿಹೋಗಿ, ಎರಡು ಹಳಿಗಳ ತುದಿಗಳು ಅರ್ಧ ಮಿಲಿಮೀಟರು ದೂರದಲ್ಲಿ ಒಂದನ್ನೊಂದು ನೋಡುತ್ತ ನಿಂತಿದ್ದವು. ಚಕ್ರಗಳು ಆ ಬಿರುಕನ್ನು ಸುಲಭವಾಗಿ ದಾಟುತ್ತಿದ್ದುದರಿಂದ ಗಾಡಿಯ ನಡಿಗೆಯಲ್ಲಿ ಯಾವ ಕುರುಹೂ ಕಂಡಿರಲಿಲ್ಲ. ಆದರೆ ವಿದ್ಯುತ್ತಿಗೆ ಅದು ಮುರಿದ ಸೇತುವೆ. ಆ ಜೋಡು ಎಂದಿನಿಂದ ಹಾಗಿತ್ತೋ ಯಾರು ಬಲ್ಲರು? ಅಂದಿನಿಂದಲೂ ಏಳನೆಯ ಜೋಡೊಂದೇ ಎರಡು ಕಡೆಯ ಭಾರವನ್ನೂ ತಾನೇ ಹೊತ್ತು, ಮಳೆಗಾಲದಲ್ಲಿ ತಾನೂ ಸೋತಿತ್ತು. ತಗಡನ್ನು ಮತ್ತೆ ನಡುವಿಗೆ ಸರಿಸಿ ಬಿಗಿ ಮಾಡಿದೆವು. ಮಗಳು ತನ್ನ ಪಾಠದ ಪದ್ಧತಿಯಂತೆ ಇದನ್ನೂ ಪರೀಕ್ಷಿಸದೆ ಬಿಡಲಿಲ್ಲ. ಈಗತಾನೆ ಸರಿಪಡಿಸಿದ ಏಳನೆಯ ಜೋಡನ್ನು ಬೇಕೆಂದೇ ಬಿಡಿಸಿದಳು. ಗಾಡಿ ಓಡಿತು. ಅದನ್ನು ಸೇರಿಸಿ ಹತ್ತೊಂಬತ್ತನ್ನು ಬಿಡಿಸಿದಳು. ಆಗಲೂ ಓಡಿತು. “ಎರಡೂ ಇರಲಿ” ಎಂದರು ಅಜ್ಜ.

ಮರುದಿನವೇ ಬೆಸುಗೆಯ ಕೆಲಸಕ್ಕೆ ಕೈಹಾಕಿದೆವು. ವಿದ್ಯುತ್ತು ಫಿಷ್‌ಪ್ಲೇಟುಗಳನ್ನೇ ನಂಬಿ ಅಷ್ಟು ದೂರ ಸಾಗಬೇಕಾದ ಅಗತ್ಯವಿಲ್ಲ. ಹಲಗೆಯ ಅಡಿಯಲ್ಲಿ ದಪ್ಪನೆಯ ಎರಡು ತಾಮ್ರದ ತಂತಿಗಳನ್ನು ಸುತ್ತಲೂ ಹಾಯಿಸಿ, ಅವುಗಳಿಂದ ಆರು ಕಡೆಗಳಲ್ಲಿ ಸಣ್ಣ ತಂತಿಗಳನ್ನು ಮೇಲಕ್ಕೆ ತಂದು ಹಳಿಗಳಿಗೆ ಬೆಸೆದೆವು. ಎಲ್ಲ ಜೋಡುಗಳನ್ನೂ ಬೆಸುಗೆ ಹಾಕಿಬಿಡೋಣವೆಂದು ಮಗಳು ಸೂಚಿಸಿದಾಗ ಮಾವನವರು ಒಪ್ಪಲಿಲ್ಲ. ಬಿಸಿಲಿಗೆ ಹಿಗ್ಗುವ ಹಳಿಗೆ ಎಡೆ ಕೊಡದಿದ್ದರೆ ಅದು ಹಾವಿನಂತೆ ಡೊಂಕಾಗುತ್ತದೆಂಬುದು ಅವರು ಕಣ್ಣಾರೆ ಕಂಡ ಸಂಗತಿ. ನಿಜವಾದ ದಾರಿಯಲ್ಲಿ ಈಗ ಉದ್ದುದ್ದ ಹಳಿಗಳನ್ನು ಬೆಸೆಯುತ್ತಾರಲ್ಲ ಎಂದು ಅವಳು ವಾದಿಸಿದಳು. ಅದಕ್ಕೆ ಬೇಕಾದ ಕಾಂಕ್ರೀಟು ಸ್ಲೀಪರುಗಳ ತೂಕ, ಜಲ್ಲಿಯ ಹಿಡಿತ, ಹಳಿಯನ್ನು ಅದುಮಿ ಹಿಡಿಯುವ ಕ್ಲಿಪ್ಪುಗಳು, ಇವನ್ನೆಲ್ಲ ವಿವರಿಸುತ್ತ ಆ ಮಧ್ಯಾಹ್ನ ಕಳೆಯಿತು. ಕಾಫಿ ಆರಿಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಈಗ ಬೆಳಗಿನ ಏಳು ಗಂಟೆಗೆ ನಮ್ಮ ಪಡಸಾಲೆಯಲ್ಲಿ ಸುತ್ತು ನಡೆಯುತ್ತದೆ. ಮಾವನವರು ಹಲಗೆಯ ಅಂಚಿಗೆ ಸೊಂಟವನ್ನು ತಾಗಿಸಿಕೊಂಡು ಒಂದು ಹಳಿಯ ಮೇಲೆ ಬೆರಳಾಡಿಸುತ್ತ ಹೋಗುತ್ತಾರೆ, ಇನ್ನೊಂದರ ಮೇಲೆ ಬೆರಳಾಡಿಸುತ್ತ ಮರಳುತ್ತಾರೆ. ಮಗಳು ಶಾಲೆಯ ಚೀಲವನ್ನು ಹೆಗಲಿಗೇರಿಸಿಕೊಂಡೇ ನಿಂತು, ಅವರು ಹೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಮೊನ್ನೆ ನಾನು ಆ ಪುಸ್ತಕವನ್ನು ತೆರೆದು ನೋಡಿದೆ. ಇಪ್ಪತ್ತನಾಲ್ಕು ಜೋಡುಗಳಲ್ಲಿ ಇಪ್ಪತ್ತಮೂರರ ಮುಂದೆ ‘ಸರಿ’ ಎಂದಿತ್ತು. ಹನ್ನೊಂದರ ಮುಂದೆ ‘ಒಳ ಹಳಿ, ಸಡಿಲ’ ಎಂದಿತ್ತು. ವೋಲ್ಟ್‌ಮಾಪಕವನ್ನು ತಂದು, ಗಾಡಿಯನ್ನು ಓಡಿಸುತ್ತಲೇ ಆ ಜೋಡಿನ ಈಚೆಗೂ ಆಚೆಗೂ ಹಿಡಿದು ನೋಡಿದೆ. ಮುಳ್ಳು ಕದಲಲಿಲ್ಲ, ಅದಕ್ಕೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಇಕ್ಕಳವನ್ನು ಹುಡುಕಿ ತಂದು ಹನ್ನೊಂದನೆಯ ಜೋಡನ್ನು ಬಿಗಿ ಮಾಡಿದೆ.